ಅರ್ಜಿಯಲ್ಲಿ 'ಮಾಲೀಕರ ಹೆಸರು' ಅಂತ ಒಂದು ಕಾಲಂ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ನಮ್ಮಲ್ಲಿ ಕಾನೂನು ಜಾಸ್ತಿ, ಅದಕ್ಕೇ ಯಾರೂ ಫ್ಯಾಕ್ಟರಿ ತೆಗೆಯುತ್ತಿಲ್ಲ, ಜನ ಗಾಡಿ ವ್ಯಾಪಾರ, ಕೂಲಿನಾಲಿ ಅಂತ ಹೋಗುತ್ತಿದ್ದಾರೆ, ಕಾನೂನು ಸಡಿಲ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ಬರೆದಿದ್ದರು. ಕಾಳಜಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನಾನು ಕೂತಿರುವ ಜಾಗದಿಂದ ವಿಷಯ ಬೇರೆ ಥರ ಕಾಣುತ್ತೆ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ನನಗೆ ಹದಿನಾಲ್ಕು ವರ್ಷ ಆಯ್ತು. ಮೊದಲು ಬರೀ ಜೆರಾಕ್ಸ್, ಲ್ಯಾಮಿನೇಷನ್ ಇತ್ತು. ಈಗ ಅರ್ಧ ದಿನ ಆನ್‌ಲೈನ್ ಅರ್ಜಿ ತುಂಬುವುದೇ ಕೆಲಸ. ಲೇಬರ್ ಕಾರ್ಡ್, ಅಸಂಘಟಿತ ಕಾರ್ಮಿಕರು ಹೆಸರು ಬರೆಸುವ ಇ-ಶ್ರಮ್, ಬೀದಿ ವ್ಯಾಪಾರಿಗಳ ಸಾಲ, ಕ್ಯಾಂಟೀನ್‌ನವರ ಆಹಾರ ನೋಂದಣಿ, ಪಿಎಫ್ ಕ್ಲೇಮು, ಜಾತಿ-ಆದಾಯ, ಎಲ್ಲಾ ಇಲ್ಲಿಗೇ ಬರುತ್ತೆ. ಸರ್ಕಾರ ಒಂದು ನಿಯಮ ಮಾಡಿದರೆ ಅದು ಜನರ ಕೈಗೆ ಯಾವ ರೂಪದಲ್ಲಿ ಬಂದು ಸೇರುತ್ತೆ, ಎಲ್ಲಿ ಸೇರದೆ ನಿಂತುಹೋಗುತ್ತೆ ಅಂತ ನನ್ನ ಮೇಜಿನ ಮುಂದೆ ದಿನಾ ನೋಡುತ್ತೇನೆ.

ಮೊನ್ನೆ ಒಬ್ಬರು ಗಾರೆ ಕೆಲಸದವರು ಬಂದಿದ್ದರು. ಐವತ್ತು ದಾಟಿದವರು. ನರಸೀಪುರದ ಕಡೆಯ ಹಳ್ಳಿಯವರು, ಇಲ್ಲಿಗೆ ಬಂದು ಮೂವತ್ತು ವರ್ಷದ ಹತ್ತಿರ ಆಗಿದೆಯಂತೆ. ಇ-ಶ್ರಮ್ ಕಾರ್ಡೂ ಬೇಕು, ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡೂ ಬೇಕು ಅಂದರು. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರ್ ಯಾವತ್ತೋ ಹೋಗಿದೆ, ಹಾಗಾಗಿ ಓಟಿಪಿ ಬರಲ್ಲ. ಸರಿ, ಥಂಬ್ ಇಡಿ ಅಂದೆ. ಬಲಗೈ ಹೆಬ್ಬೆರಳು ಇಟ್ಟರು. ಬರಲಿಲ್ಲ. ಎಡಗೈ ಇಟ್ಟರು. ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ತಲೆಕೂದಲಿಗೆ ಉಜ್ಜಿ ಎಣ್ಣೆ ಪಸೆ ಮಾಡಿಕೊಂಡು ಮತ್ತೆ ಇಟ್ಟರು. ಹತ್ತು ಬೆರಳೂ ಆಯ್ತು. ಬೆರಳ ತುದಿ ನೋಡಿದರೆ ಗೆರೆಯೇ ಇಲ್ಲ, ನುಣ್ಣಗೆ ಬೆಳ್ಳಗೆ, ಉಗುರಿನ ಸಂದಿಯಲ್ಲಿ ಮಾತ್ರ ಸಿಮೆಂಟ್ ಕೂತಿದೆ. ಎರಡು ಮೂರು ದಿನ ಸಿಮೆಂಟ್ ಮುಟ್ಟದೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬನ್ನಿ, ಗೆರೆ ಬಂದರೂ ಬರಬಹುದು ಅಂದೆ. 'ಮೂರು ದಿನ ಕೂಲಿ ಬಿಡೋದಾ ಸಾ' ಅಂದರು.

ಬೆರಳಿನ ಕಥೆ ಹಾಗಿರಲಿ. ಅವತ್ತು ಲೇಬರ್ ಕಾರ್ಡಿನ ಅರ್ಜಿ ಶುರು ಮಾಡಿದೆವು. ಅಲ್ಲಿ ಒಂದು ಕಾಲಂ ಇದೆ. ಮಾಲೀಕರ ಅಥವಾ ಗುತ್ತಿಗೆದಾರರ ಹೆಸರು, ವಿಳಾಸ, ಕೆಲಸ ಮಾಡಿದ ದಿನಗಳು. ನಾನು ಕೇಳಿದೆ, 'ಯಾರ ಹತ್ತಿರ ಕೆಲಸ ಮಾಡ್ತೀರಿ?' ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಯಾವ ಮಾಲೀಕ್ರು ಹೆಸರು ಬರೆಯದು ಹೇಳಿ ಸಾ? ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತಿರ್ತೀವಿ, ಯಾರು ಕರೀತಾರೋ ಅವ್ರ ಜೊತೆ ಹೋಗದು' ಅಂದರು. ಹಿಂದಿನ ವಾರ ಎರಡು ದಿನ ಒಬ್ಬರ ಮನೆ ಕಾಂಪೌಂಡು. ಆಮೇಲೆ ಮೂರು ದಿನ ಇನ್ನೊಬ್ಬ ಮೇಸ್ತ್ರಿ ಕೈಕೆಳಗೆ ಪ್ಲಾಸ್ಟರಿಂಗ್. ಒಂದು ದಿನ ಕೆಲಸ ಇಲ್ಲ. ಆ ಮೇಸ್ತ್ರಿಯ ಪೂರ್ತಿ ಹೆಸರು ಇವರಿಗೆ ಗೊತ್ತಿಲ್ಲ, ಫೋನಿನಲ್ಲಿ 'ಮೇಸ್ತ್ರಿ 2' ಅಂತ ಇದೆ. ಅವರ ಹತ್ತಿರ ಸಹಿ ಕೇಳಿದರೆ ನನ್ನ ತಲೆ ಮೇಲೆ ಯಾಕೆ ತರ್ತೀಯ ಅಂತಾರಂತೆ.

ಈ ಕಾನೂನಿನ ಉದ್ದೇಶ ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1996ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ಕಾರ್ಮಿಕರಿಗೆ ಅಂತಲೇ ಕಾಯ್ದೆ ತಂತು. ಕಟ್ಟಡದ ಖರ್ಚಿನಲ್ಲಿ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಅದನ್ನು ಕಾರ್ಮಿಕರಿಗೇ ಖರ್ಚು ಮಾಡಬೇಕು. ಮಕ್ಕಳ ಓದು, ಹೆರಿಗೆ, ಅಪಘಾತ, ಪಿಂಚಣಿ, ಎಲ್ಲಕ್ಕೂ ಅದರಿಂದ ಕೊಡಬಹುದು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು, ನೋಂದಣಿಗೆ ಅರ್ಹರು. ನಮ್ಮ ಗಾರೆಯವರು 90 ದಿನ ಏನು, 250 ದಿನ ಮಾಡಿರುತ್ತಾರೆ. ಆದರೆ ಆ 90 ದಿನವನ್ನು ಕಾಗದದಲ್ಲಿ ತೋರಿಸುವುದು ಹೇಗೆ? ಮಾಲೀಕರು ಸಹಿ ಹಾಕದಿದ್ದರೆ ನೋಂದಾಯಿತ ಸಂಘದವರೋ, ಕಾರ್ಮಿಕ ಇಲಾಖೆಯವರೋ, ಹಳ್ಳಿಯಾದರೆ ಪಿಡಿಒ ಅವರೋ ದೃಢೀಕರಿಸಬಹುದು ಅಂತ ದಾರಿ ಇದೆ. ಅದಕ್ಕೆ ಓಡಾಡಬೇಕು. ಓಡಾಡುವ ಪ್ರತಿ ದಿನವೂ ಕೂಲಿ ಇಲ್ಲದ ದಿನ.

ಇಲ್ಲೇ ಸಹಿ ಮಾರಾಟಕ್ಕೆ ಬರುತ್ತೆ. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಗಾರೆ ಬಾಂಡ್ಲಿ ಮುಟ್ಟದವರಿಗೂ ಕಾರ್ಡ್ ಇದೆ, ನಕಲಿ ಕಾರ್ಡ್ ಜಾಸ್ತಿ ಆಗಿವೆ ಅಂತ ಸರ್ಕಾರವೇ ಎಷ್ಟೋ ಸಲ ಹೇಳಿ, ರದ್ದು ಕೂಡ ಮಾಡಿದೆ. ಸುಳ್ಳು ಹೇಳುವವನಿಗೆ ಮಾಲೀಕನ ಸಹಿ ಹುಟ್ಟಿಸುವುದು ಕಷ್ಟ ಅಲ್ಲ, ದುಡ್ಡು ಕೊಟ್ಟರೆ ಆಗುತ್ತೆ. ನಿಜವಾಗಿ ಹತ್ತು ಮನೆ ಕಟ್ಟಿದವನಿಗೆ ಒಂದು ಸಹಿ ಸಿಗಲ್ಲ. ನಕಲಿ ತಡೆಯಲು ದಾಖಲೆ ಬಿಗಿ ಮಾಡಿದರು. ಬಿಗಿ ಮಾಡಿದಷ್ಟೂ ಮೊದಲು ಹೊರಗೆ ಬಿದ್ದವರು ಇಂಥವರೇ. ನನ್ನ ಅಂಗಡಿಯಿಂದ ವಾಪಸ್ ಹೋದವರನ್ನು ನೋಡಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹಳೇ ಕಾಯ್ದೆಯಲ್ಲಿ, ಸ್ವಂತ ವಾಸಕ್ಕೆ ಕಟ್ಟುವ ಮನೆಯ ಖರ್ಚು 10 ಲಕ್ಷ ದಾಟದಿದ್ದರೆ ಅದಕ್ಕೆ ಈ ಸೆಸ್‌ನಿಂದ ವಿನಾಯಿತಿ ಇತ್ತು. 2025ರ ನವೆಂಬರ್ 21ರಂದು ಹೊಸ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಹಳೆಯ 29 ಕಾನೂನು ಸೇರಿಸಿ ನಾಲ್ಕು ಮಾಡಿದ್ದು, ಅದರಲ್ಲಿ ಈ ಮಿತಿ 50 ಲಕ್ಷ ಆಗಿದೆ. ಮನೆ ಕಟ್ಟುವ ಮಧ್ಯಮ ವರ್ಗದವರಿಗೆ ಇದು ಅನುಕೂಲ, ನಾನೂ ನಾಳೆ ಒಂದು ಮನೆ ಕಟ್ಟಿಸಿದರೆ ನನಗೂ ಉಳಿತಾಯ. ಆದರೆ ನಮ್ಮ ಊರಿನ ಹೊಸ ಬಡಾವಣೆಗಳಲ್ಲಿ ಥರ್ಟಿ-ಫಾರ್ಟಿ ಸೈಟಿನಲ್ಲಿ ಏಳುವ ಎಷ್ಟೋ ಮನೆಗಳು ಆ ಮಿತಿಯ ಒಳಗೇ ಮುಗಿಯುತ್ತವೆ. ನಮ್ಮ ಗಾರೆಯವರು ಕೆಲಸ ಮಾಡುವುದು ಅಂಥ ಮನೆಗಳಲ್ಲೇ. ಅಂದರೆ ಅವರ ಬೆವರು ಬಿದ್ದ ಮನೆಯಿಂದ ಅವರ ನಿಧಿಗೆ ಒಂದು ರೂಪಾಯಿ ಬರದೆ ಹೋಗಬಹುದು. ಸಡಿಲ ಮಾಡಿ ಸಡಿಲ ಮಾಡಿ ಅನ್ನುವಾಗ, ಸಡಿಲ ಆಗುವ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿತ್ತು ಅಂತಲೂ ನೋಡಬೇಕಲ್ವಾ?

ಇ-ಶ್ರಮ್ ಬಗ್ಗೆ ಎರಡು ಮಾತು. 2021ರ ಆಗಸ್ಟ್‌ನಲ್ಲಿ ಶುರುವಾಗಿ ದೇಶದಲ್ಲಿ 30 ಕೋಟಿಗೂ ಜಾಸ್ತಿ ಜನ ಅದರಲ್ಲಿ ಹೆಸರು ಬರೆಸಿದ್ದಾರೆ. ನನ್ನ ಅಂಗಡಿಯಲ್ಲೇ ಸಾವಿರಾರು ಕಾರ್ಡ್ ಪ್ರಿಂಟ್ ಹಾಕಿ ಲ್ಯಾಮಿನೇಷನ್ ಮಾಡಿದ್ದೇನೆ. ಕಾರ್ಡ್ ಕೈಗೆ ಕೊಟ್ಟ ತಕ್ಷಣ ಎಲ್ಲರೂ ಕೇಳುವುದು ಒಂದೇ, 'ಇದರಿಂದ ಏನು ಬರುತ್ತೆ?' ಮುಂದೆ ಉಪಯೋಗಕ್ಕೆ ಬರುತ್ತೆ, ಇಟ್ಕೊಳಿ ಅನ್ನುತ್ತೇನೆ. ಐದು ವರ್ಷದಿಂದ ಅದೇ ಉತ್ತರ ಕೊಡುತ್ತಿದ್ದೇನೆ, ಕೊಡುವಾಗ ಮನಸ್ಸಿಗೆ ಕಷ್ಟ ಆಗುತ್ತೆ.

ನಮ್ಮ ಕಡೆ ಮನೆಯಲ್ಲೇ ಕೂತು ಕೆಲಸ ಮಾಡುವ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಮೈಸೂರು ಅಗರಬತ್ತಿ ಅಂದರೆ ಹೆಸರುವಾಸಿ, 2005ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಬೀಡಿಯೂ ಇಲ್ಲಿ ದೊಡ್ಡ ಕಸುಬಾಗಿತ್ತು. ಇಬ್ಬರು ಅಕ್ಕಪಕ್ಕದ ಮನೆಯವರನ್ನು ತಗೊಳ್ಳಿ. ಒಬ್ಬರು ಬೀಡಿ ಕಟ್ಟುತ್ತಾರೆ, ಒಬ್ಬರು ಅಗರಬತ್ತಿ ಹೊಸೆಯುತ್ತಾರೆ. ಇಬ್ಬರದ್ದೂ ಸಾವಿರಕ್ಕೆ ಇಷ್ಟು ಅಂತ ಲೆಕ್ಕ. ಇಬ್ಬರಿಗೂ ಬೆನ್ನು ನೋವು. ಬೀಡಿಗೆ 1966ರಲ್ಲೇ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಾಗಾಗಿ ಬೀಡಿ ಕಟ್ಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಪಿಎಫ್ ಇದೆ. ಅಗರಬತ್ತಿಗೆ ಕನಿಷ್ಠ ವೇತನದ ಪಟ್ಟಿ ಬಿಟ್ಟರೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಮನೆ ಬಾಗಿಲಿಗೆ ಕಡ್ಡಿ, ಹಿಟ್ಟು ತಂದುಕೊಟ್ಟು ಹೋಗುವ ಏಜೆಂಟರೇ ಎಲ್ಲ. ಅವರಿಗೆ ಕೇಳಿದರೆ ನಾನು ಮಾಲೀಕ ಅಲ್ಲ, ನಾನೂ ಕಮಿಷನ್ನಿಗೆ ಮಾಡೋದು ಅಂತಾರೆ. ಅದೂ ನಿಜವೇ.

ಒಂದು ನಿಯಮ ಕೆಲಸ ಉಳಿಸಿದ್ದನ್ನೂ ಇಲ್ಲೇ ನೋಡಿದ್ದೇವೆ. ಹೊರದೇಶದಿಂದ ಅಗ್ಗದ ಅಗರಬತ್ತಿ ರಾಶಿ ರಾಶಿ ಬರುತ್ತಿತ್ತು. 2019ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಸರ್ಕಾರ ಅದರ ಆಮದಿಗೆ ನಿರ್ಬಂಧ ಹಾಕಿತು. 2020ರ ಜೂನ್‌ನಲ್ಲಿ ಬಿದಿರಿನ ಆಮದು ಸುಂಕ ಶೇ 10ರಿಂದ 25ಕ್ಕೆ ಏರಿಸಿತು. ಇಲ್ಲಿನ ಕಸುಬಿಗೆ ಉಸಿರು ಬಂತು. ಆದರೆ ಮಿಷನ್ನೂ ಬಂತು, ಕೈಯಲ್ಲಿ ಹೊಸೆಯುವ ಕೆಲಸ ಕಮ್ಮಿ ಆಯ್ತು. ಬಂದ ಲಾಭದಲ್ಲಿ ಕೈಯಲ್ಲಿ ಹೊಸೆದವರ ಪಾಲು ಎಷ್ಟು ಅಂತ ಕೇಳುವ ಹಕ್ಕು ಕಾಗದದ ಮೇಲೆ ಅವರಿಗೆ ಇರಲೇ ಇಲ್ಲ.

ಈಗ ಗಾಡಿ ವ್ಯಾಪಾರ. ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದೇ ಇದು.

ನಮ್ಮ ಬೀದಿ ತಿರುವಿನಲ್ಲಿ ಒಬ್ಬ ಅಕ್ಕ ಮುಳ್ಳುಸೌತೆ, ಮಾವಿನಕಾಯಿ, ಅನಾನಸು ಹೆಚ್ಚಿ ಉಪ್ಪುಖಾರ ಹಾಕಿ ಮಾರುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಮುತ್ತಿಕೊಂಡಿರುತ್ತವೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವರ ಗಾಡಿ ಎತ್ತಿಕೊಂಡು ಹೋದರು. ಮೊದಲೇ ಹೇಳಿರಲಿಲ್ಲ. ಅಕ್ಕ ಅಳುತ್ತಾ ನನ್ನ ಅಂಗಡಿಗೆ ಬಂದು, ಗಾಡಿ ಬಿಡಿ ಅಂತ ಒಂದು ಅರ್ಜಿ ಬರೆದುಕೊಡಣ್ಣ ಅಂದರು. ಗಾಡಿಯಲ್ಲಿ ಏನೇನಿತ್ತು ಹೇಳಿ, ಪಟ್ಟಿ ಮಾಡೋಣ ಅಂದೆ. ಒಂದೊಂದಾಗಿ ಹೇಳಿದರು. ಸೌತೆಕಾಯಿ ಒಂದು ಮೂಟೆ, ಅರ್ಧ ಆಗಿತ್ತು. ಮಾವಿನಕಾಯಿ ಹತ್ತು ಕೇಜಿ. ಅನಾನಸು ಆರು. ಕೊಡೆ ಒಂದು, ಹೊಸದು. ಬಕೆಟ್ ಎರಡು. ಹೆಚ್ಚುವ ಮಣೆ. ಉಪ್ಪುಖಾರದ ಡಬ್ಬ. ಚಿಲ್ಲರೆ ಇಟ್ಟಿದ್ದ ಹಾರ್ಲಿಕ್ಸ್ ಬಾಟಲಿ, ಅದರಲ್ಲಿ ಎಷ್ಟಿತ್ತೋ ಎಣಿಸಿರಲಿಲ್ಲ. ಆಮೇಲೆ ಸುಮ್ಮನಾದರು. ಚಾಕು ಇರಲಿಲ್ವಾ ಅಂತ ನಾನೇ ಕೇಳಿದೆ. 'ಎರಡಿತ್ತು. ಚಾಕು ಅಂತ ಬರೆದರೆ ಕೇಸ್ ಆಗಲ್ವಾ ಅಣ್ಣ?' ಅಂದರು.

ನಾನು ಆ ಪಟ್ಟಿ ಬರೆಯಬೇಕಾದ್ದೇ ಇರಲಿಲ್ಲ. ಅದನ್ನು ಗಾಡಿ ಎತ್ತಿದವರೇ ಸ್ಥಳದಲ್ಲಿ ಬರೆದು ಕೊಡಬೇಕು ಅಂತ ಕಾನೂನಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ವಶಕ್ಕೆ ತಗೊಂಡ ಸಾಮಾನಿನ ಪಟ್ಟಿ ಮಾಡಿ ವ್ಯಾಪಾರಿಗೆ ಪ್ರತಿ ಕೊಡಬೇಕು. ಕೆಡದ ಸಾಮಾನಾದರೆ ಕೇಳಿಕೊಂಡು ಹೋದ ಎರಡು ಕೆಲಸದ ದಿನದೊಳಗೆ, ಕೆಡುವ ಸಾಮಾನಾದರೆ ಅದೇ ದಿನ, ಶುಲ್ಕ ಕಟ್ಟಿಸಿಕೊಂಡು ವಾಪಸ್ ಕೊಡಬೇಕು. ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಇನ್ನೂ ಮುಖ್ಯ ಏನೆಂದರೆ, ಊರಿನ ಎಲ್ಲ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗೇ ಇಲ್ಲ. ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಗಾಡಿಯವರು ತೀರಿಕೊಂಡರೆ ಅಥವಾ ಕಾಯಿಲೆ ಬಿದ್ದರೆ ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಗಂಡನೋ ಹೆಂಡತಿಯೋ ಮಕ್ಕಳೋ ಮುಂದುವರಿಸಬಹುದು ಅಂತಲೂ ಇದೆ. ಇಷ್ಟು ಯೋಚನೆ ಮಾಡಿ ಬರೆದ ಕಾನೂನು.

ಆ ಅಕ್ಕನಿಗೆ ಗಾಡಿ ಸಿಕ್ಕಿದ್ದು ಆರು ದಿನ ಆದ ಮೇಲೆ. ಹಣ್ಣೆಲ್ಲ ಕೊಳೆತು ಹೋಗಿತ್ತು. ಕೊಡೆ ಇರಲಿಲ್ಲ. ಒಂದು ಚಕ್ರ ಸೊಟ್ಟಗಾಗಿತ್ತು. ದಂಡ ಕಟ್ಟಿದ್ದಕ್ಕೆ ರಸೀದಿ ಕೊಟ್ಟಿದ್ದಾರೆ, ಪಟ್ಟಿ ಮಾತ್ರ ಕೊನೆಗೂ ಕೊಡಲಿಲ್ಲ. ಅವರ ಹತ್ತಿರ ಪ್ರಮಾಣಪತ್ರ ಇರಲಿಲ್ಲ. ಯಾಕೆಂದರೆ ಹಿಂದೆ ಸಮೀಕ್ಷೆಗೆ ಬಂದವರು ಬೆಳಿಗ್ಗೆ ಬಂದಿದ್ದರಂತೆ, ಅಕ್ಕ ಗಾಡಿ ತರುವುದು ಮಧ್ಯಾಹ್ನ. ಅಷ್ಟೇ ಕಾರಣ. 2020ರಲ್ಲಿ ಕೇಂದ್ರ ಸರ್ಕಾರ ಗಾಡಿಯವರಿಗೆ 10 ಸಾವಿರ ಸಾಲದ ಯೋಜನೆ ತಂದಾಗಲೂ ಇವರ ಹತ್ತಿರ ಕಾಗದ ಇಲ್ಲ ಅಂತ ಶಿಫಾರಸು ಪತ್ರಕ್ಕೆ ತಿಂಗಳುಗಟ್ಟಲೆ ಅಲೆದಾಡಿದ್ದರು.

ಫುಟ್‌ಪಾತು ನಡೆಯುವವರಿಗೆ ಬೇಕು ಅನ್ನುವವರ ಮಾತು ನಾನು ತಳ್ಳಿಹಾಕುವುದಿಲ್ಲ. ನನ್ನ ತಾಯಿಗೆ ಮಂಡಿ ನೋವು, ದೇವರಾಜ ಮಾರ್ಕೆಟ್ ಹತ್ತಿರ ರಸ್ತೆಗೆ ಇಳಿದು ನಡೆಯಬೇಕಾದರೆ ನಾನೇ ಬೈದುಕೊಂಡಿದ್ದೇನೆ. ಅದಕ್ಕೇ ಅಲ್ವಾ ಕಾಯ್ದೆಯಲ್ಲಿ ವ್ಯಾಪಾರ ವಲಯ ಗುರುತಿಸಿ, ಎಲ್ಲಿ ಮಾಡಬಹುದು ಎಲ್ಲಿ ಮಾಡಬಾರದು ಅಂತ ಸಮಿತಿಯಲ್ಲಿ ಕೂತು ತೀರ್ಮಾನ ಮಾಡಿ ಅಂದಿರುವುದು. ಎಬ್ಬಿಸುವ ಅಧಿಕಾರ ಕೊಟ್ಟ ಕಾನೂನೇ ಕೂರಿಸುವ ಹೊಣೆಯನ್ನೂ ಕೊಟ್ಟಿದೆ. ಎಬ್ಬಿಸುವುದು ಒಂದು ಬೆಳಿಗ್ಗೆ ಲಾರಿ ತಂದರೆ ಆಗುತ್ತೆ. ಕೂರಿಸುವುದಕ್ಕೆ ಸಭೆ, ನಕ್ಷೆ, ಚುನಾವಣೆ, ಪಟ್ಟಿ ಬೇಕು. ಅದು ಹನ್ನೆರಡು ವರ್ಷ ಆದರೂ ಮುಗಿಯುವುದಿಲ್ಲ.

ಆವತ್ತು ಗಾಡಿ ಎತ್ತಿ ಲಾರಿಗೆ ಹಾಕಿದ ಹುಡುಗರಲ್ಲಿ ಇಬ್ಬರನ್ನು ನಾನು ಬಲ್ಲೆ. ಅವರೂ ಗುತ್ತಿಗೆಯವರೇ. ಪಿಎಫ್ ಹಿಡಿದಿದ್ದಾರೋ ಇಲ್ಲವೋ ನೋಡಿಕೊಡಿ ಅಂತ ನನ್ನ ಹತ್ತಿರವೇ ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ರೈಲಿನ ವಿಷಯ ಹೇಳದೆ ಇರಲಾರೆ. ನನ್ನ ತಂಗಿ ಮಂಡ್ಯದಲ್ಲಿದ್ದಾಳೆ, ತಿಂಗಳಿಗೊಮ್ಮೆ ಪ್ಯಾಸೆಂಜರ್‌ನಲ್ಲಿ ಹೋಗಿಬರುತ್ತೇನೆ. ಮದ್ದೂರು ವಡೆ ಅಂದರೆ ನಮ್ಮ ಸೀಮೆಯ ಹೆಮ್ಮೆ. ಬೆಂಗಳೂರಿನವರು ಮೈಸೂರಿಗೆ ಬರುವಾಗ ಆ ವಾಸನೆಗೇ ಎದ್ದು ಕೂರುತ್ತಾರೆ. ಆದರೆ ಬುಟ್ಟಿ ಹೊತ್ತು ಬೋಗಿಯಿಂದ ಬೋಗಿಗೆ ಓಡುವ ಹುಡುಗ ಲೈಸೆನ್ಸ್ ಇಲ್ಲದಿದ್ದರೆ ಅಪರಾಧಿ. 1989ರ ರೈಲ್ವೆ ಕಾಯ್ದೆಯ 144ನೇ ಸೆಕ್ಷನ್. ಇವನೂ ಬೀದಿ ವ್ಯಾಪಾರಿಯ ಥರಾನೇ ಅಲ್ವಾ, 2014ರ ಕಾಯ್ದೆ ಇವನಿಗೆ ನೆರಳು ಕೊಡುತ್ತಾ ಅಂತ ನೋಡಿದರೆ, ರೈಲ್ವೆ ಜಾಗಕ್ಕೂ ರೈಲಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಮೊದಲನೇ ಸೆಕ್ಷನ್‌ನಲ್ಲೇ ಬರೆದುಬಿಟ್ಟಿದ್ದಾರೆ. ಪ್ರಯಾಣಿಕರ ಸುರಕ್ಷತೆ, ಆಹಾರದ ಶುಚಿ ಎಲ್ಲ ಬೇಕು ನಿಜ. ತಲೆಮಾರಿನಿಂದ ಮಾರಿಕೊಂಡು ಬಂದವರಿಗೆ ಒಂದು ಸಣ್ಣ ಲೈಸೆನ್ಸಿನ ದಾರಿ ಮಾಡಿದರೆ ಅದೂ ಸಿಗುತ್ತೆ, ಇದೂ ಉಳಿಯುತ್ತೆ. ಪೊಲೀಸರನ್ನು ಕಂಡ ತಕ್ಷಣ ಬುಟ್ಟಿ ಸೀಟಿನ ಕೆಳಗೆ ತಳ್ಳಿ ಬಾಗಿಲ ಹತ್ತಿರ ಹೋಗಿ ನಿಲ್ಲುವ ಹುಡುಗನ ಮುಖ ನೋಡಿದರೆ ವಡೆ ಗಂಟಲಲ್ಲಿ ಇಳಿಯಲ್ಲ.

2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಅನ್ನುವುದು ನಿಯಮ. ನಮ್ಮ ಪಕ್ಕದ ಟೀ ಅಂಗಡಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಅವರು ರಾತ್ರೋರಾತ್ರಿ ಸ್ಕ್ಯಾನರ್ ಸ್ಟಿಕ್ಕರ್ ಕಿತ್ತುಹಾಕಿ 'ಕ್ಯಾಶ್ ಮಾತ್ರ' ಅಂತ ಬರೆದ ಬೋರ್ಡಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿದರು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂದರು, ಬಂದ್ ಕರೆ ವಾಪಸ್ ಆಯ್ತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ. ಒಂದೂವರೆ ಕೋಟಿವರೆಗೆ ಸಣ್ಣ ವ್ಯಾಪಾರಿಗಳು ಶೇ 1ರಷ್ಟು ಕಟ್ಟಿದರೆ ಸಾಕು ಅನ್ನುವ ಕಾಂಪೋಸಿಷನ್ ಪದ್ಧತಿಯೂ ಇದೆ. ಅದನ್ನು ನೋಟಿಸಿಗಿಂತ ಮುಂಚೆ ಅಂಗಡಿ ಅಂಗಡಿಗೆ ಬಂದು ಹೇಳಿದ್ದರೆ? ಡಿಜಿಟಲ್ ಆಗಿ ಅಂತ ಸರ್ಕಾರದ ಮಾತು ನಂಬಿ ಸ್ಕ್ಯಾನರ್ ಇಟ್ಟವರಿಗೆ ಸರ್ಕಾರದಿಂದ ಬಂದ ಮೊದಲ ಕಾಗದ ನೋಟಿಸೇ ಆಗಿಬಿಟ್ಟಿತು.

ಈಗ ಕಳೆದ ವಾರದ ಪತ್ರಕ್ಕೆ ಬರುತ್ತೇನೆ. ಫ್ಯಾಕ್ಟರಿ ಮುಚ್ಚಲು ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮದಿಂದ ದೊಡ್ಡವರು ಬಂಡವಾಳ ಹಾಕಲು ಹೆದರುತ್ತಾರೆ ಅಂತ ಅವರು ಬರೆದಿದ್ದರು. 100 ಕೆಲಸಗಾರರಿದ್ದರೆ ಅನ್ನುವ ಆ ಮಿತಿ ಹೊಸ ಸಂಹಿತೆಯಲ್ಲಿ 300 ಆಗಿದೆ. ಅದರಿಂದ ಉದ್ಯೋಗ ಹೆಚ್ಚುತ್ತೆ ಅಂದರೆ ಸಂತೋಷ. ನನ್ನ ಮೇಜಿನ ಮುಂದೆ ಬರುವವರ ಪೈಕಿ ಒಬ್ಬರಿಗೂ 300 ಜನ ಇರುವ ಜಾಗದಲ್ಲಿ ಕೆಲಸ ಇಲ್ಲ. ಮೂರು ಜನ ಇರುವ ಕಡೆ, ಒಬ್ಬರೇ ಇರುವ ಕಡೆ, ಯಾರೂ ಇಲ್ಲದ ಕಡೆ ಕೆಲಸ ಮಾಡುವವರು ಅವರು. ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕು ಅಂತಲೂ ಈಗ ಹೇಳುತ್ತಿದ್ದಾರೆ. ಒಳ್ಳೆಯದೇ. ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತವರಿಗೆ ಆ ಪತ್ರ ಕೊಡುವವರು ಯಾರು?

ನಿಯಮ ಅಂದರೆ ಹೊರೆ ಅನ್ನುವವರಿಗೆ ನನ್ನದೇ ಅಂಗಡಿಯ ಮಾತು ಹೇಳುತ್ತೇನೆ. ನನ್ನ ಹತ್ತಿರ ಒಬ್ಬ ಹುಡುಗಿ ಕೆಲಸಕ್ಕಿದ್ದಾಳೆ. ಮೊದಮೊದಲು ವಾರದ ರಜೆ ಅಂತ ನಾನು ಕೊಡುತ್ತಿರಲಿಲ್ಲ, ಕೇಳಿದಾಗ ಕೊಡುತ್ತಿದ್ದೆ. ಅಂಗಡಿ ನೋಂದಣಿ ನವೀಕರಣ ಮಾಡುವಾಗ 1961ರ ಅಂಗಡಿ ಕಾಯ್ದೆಯಲ್ಲಿ ವಾರಕ್ಕೊಂದು ದಿನ ರಜೆ ಕೊಡಲೇಬೇಕು ಅಂತ ಓದಿದೆ. ಆಗಿಂದ ಭಾನುವಾರ ಅವಳಿಗೆ ರಜೆ, ಸಂಬಳ ಹಿಡಿಯಲ್ಲ. ನನಗೆ ಅದರಿಂದ ಏನೂ ಮುಳುಗಿಲ್ಲ. ಅವಳು ಭಾನುವಾರ ಕೂತು ಓದಿ ಬಿ.ಕಾಂ. ಕಟ್ಟಿದ್ದಾಳೆ. ಅವಳ ಯಾವ ಅರ್ಜಿಯಲ್ಲಿ ಮಾಲೀಕರ ಹೆಸರು ಕೇಳಿದರೂ ನಾನು ಸಹಿ ಹಾಕುತ್ತೇನೆ, ಸೀಲೂ ಹಾಕುತ್ತೇನೆ. ಸಹಿ ಹಾಕುವವರು ಒಬ್ಬರು ಇದ್ದಾರೆ ಅನ್ನುವುದೊಂದೇ ಅವಳಿಗೂ ಆ ಗಾರೆಯವರಿಗೂ ಇರುವ ವ್ಯತ್ಯಾಸ. ಕೆಲಸದಲ್ಲಿ ನೋಡಿದರೆ ಅವರೇ ಜಾಸ್ತಿ ದುಡಿಯುತ್ತಾರೆ.

ಮಾಲೀಕ ಯಾರು ಅಂತ ಹುಡುಕುತ್ತಾ ಕೂರದೆ ಕಾನೂನು ಮಾಡಲು ಆಗುತ್ತೆ ಅಂತ ನಮ್ಮ ರಾಜ್ಯವೇ ತೋರಿಸಿದೆ. ಮನೆ ಮನೆಗೆ ಊಟ, ಪಾರ್ಸೆಲ್ ತಂದುಕೊಡುವ ಹುಡುಗರಿಗೆ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಆ ಕಂಪನಿಗಳು ನಾವು ಮಾಲೀಕರಲ್ಲ, ಅವರು ನಮ್ಮ ಪಾರ್ಟ್‌ನರ್‌ಗಳು ಅನ್ನುತ್ತವೆ. ಕಾಯ್ದೆ ಆ ಜಗಳಕ್ಕೇ ಹೋಗಲಿಲ್ಲ. ಹುಡುಗನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಿ ಅಂತು. ಕಾರಣ ಹೇಳದೆ, 14 ದಿನದ ನೋಟಿಸ್ ಕೊಡದೆ ಐಡಿ ಬ್ಲಾಕ್ ಮಾಡಬೇಡಿ ಅಂತು. ಜಾರಿ ಹೇಗಾಗುತ್ತೆ ಅಂತ ಮುಂದೆ ನೋಡಬೇಕು, ಆದರೆ ಯೋಚನೆ ಸರಿಯಾದ ದಿಕ್ಕಿನಲ್ಲಿದೆ. ಫೋನಿನಲ್ಲಿ ಆರ್ಡರ್ ಹಿಡಿಯುವ ಹುಡುಗನಿಗೆ ಹೀಗೆ ಮಾಡಬಹುದಾದರೆ ಸರ್ಕಲ್‌ನಲ್ಲಿ ಕೂಲಿ ಹಿಡಿಯುವ ಅಪ್ಪನಿಗೆ ಯಾಕೆ ಆಗಲ್ಲ?

ಸಂಬಂಧಪಟ್ಟವರು ಇದನ್ನು ಓದಿದರೆ ಕೇಳಿಕೊಳ್ಳುವುದು ಇಷ್ಟು. ದೊಡ್ಡ ಬಜೆಟ್ ಬೇಕಾದ ಕೆಲಸ ಯಾವುದೂ ಅಲ್ಲ. ಲೇಬರ್ ಕಾರ್ಡ್ ಶಿಬಿರವನ್ನು ಕಲ್ಯಾಣಮಂಟಪದಲ್ಲಿ ಹನ್ನೊಂದು ಗಂಟೆಗೆ ಮಾಡಬೇಡಿ, ಆ ಹೊತ್ತಿಗೆ ಕೆಲಸಗಾರರು ಮೂರನೇ ಮಹಡಿಯ ಮೇಲಿರುತ್ತಾರೆ. ಬೆಳಿಗ್ಗೆ ಏಳು ಗಂಟೆಗೆ ಅವರು ನಿಲ್ಲುವ ಸರ್ಕಲ್ಲಿಗೇ ಬನ್ನಿ, ಒಂದು ಟೇಬಲ್ ಹಾಕಿ. ಯಾರು ದಿನಾ ಬಂದು ನಿಲ್ಲುತ್ತಾರೆ ಅಂತ ಪಕ್ಕದ ಟೀ ಅಂಗಡಿಯವರನ್ನು ಕೇಳಿದರೂ ಗೊತ್ತಾಗುತ್ತೆ. ಬಂದವರ ಹೆಸರು ಆ ಟೇಬಲ್ಲಿನ ಪುಸ್ತಕದಲ್ಲಿ ದಿನಾ ಬರೆದುಕೊಂಡು, ಇಲಾಖೆಯವರೇ ಅದಕ್ಕೆ ಸಹಿ ಹಾಕಿದರೆ ಆ 90 ದಿನಕ್ಕೆ ಅದೇ ಲೆಕ್ಕ ಆಗುತ್ತೆ. ಗೆರೆ ಸವೆದವರಿಗೆ ಕಣ್ಣಿನ ಸ್ಕ್ಯಾನ್ ಮಾಡುವ ಮಿಷನ್ ತನ್ನಿ. ಗಾಡಿ ಎತ್ತಲು ಹೋಗುವ ಲಾರಿಯಲ್ಲಿ ಪಟ್ಟಿ ಬರೆಯುವ ಒಂದು ಕಾರ್ಬನ್ ಪುಸ್ತಕ ಇರಲಿ, ಪಟ್ಟಿ ಕೊಡದೆ ಒಂದು ಬಕೆಟ್ಟೂ ಲಾರಿ ಹತ್ತಬಾರದು. ವ್ಯಾಪಾರ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯ್ತು, ಯಾವ ರಸ್ತೆ ಯಾವ ವಲಯ ಅಂತ ವಾರ್ಡ್ ಕಚೇರಿಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ಸಮೀಕ್ಷೆಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬನ್ನಿ. ಸಂಜೆ ಪಾನಿಪುರಿ ಗಾಡಿಯವರು ಬೆಳಿಗ್ಗೆ ಸಿಗುವುದಿಲ್ಲ, ಬೆಳಿಗ್ಗೆ ಸೊಪ್ಪು ಮಾರುವವರು ಸಂಜೆ ಸಿಗುವುದಿಲ್ಲ.

ಆ ಅಕ್ಕನಿಗೆ ಕಾಯ್ದೆಯ 19ನೇ ಸೆಕ್ಷನ್ ಇರುವ ಪುಟ ಪ್ರಿಂಟ್ ತೆಗೆದುಕೊಟ್ಟಿದ್ದೆ. ಇಂಗ್ಲಿಷಿನಲ್ಲಿತ್ತು, ಕೆಳಗೆ ನಾನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ಅದನ್ನು ನಾಲ್ಕು ಮಡಿಕೆ ಮಾಡಿ ದುಡ್ಡಿನ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಹೊಸ ಕೊಡೆ ತಗೊಂಡಿದ್ದಾರೆ, ಸಾಲ ಮಾಡಿ.

ಗಾರೆಯವರ ಅರ್ಜಿ ಇನ್ನೂ ನನ್ನ ಕಂಪ್ಯೂಟರಿನಲ್ಲಿ ಅರ್ಧಕ್ಕೇ ನಿಂತಿದೆ, ಮಾಲೀಕರ ಹೆಸರಿನ ಕಾಲಂ ಖಾಲಿ. ಸೋಮವಾರ ಬರ್ತೀನಿ ಅಂದಿದ್ದಾರೆ. ಶನಿವಾರ, ಭಾನುವಾರ ಎರಡು ದಿನ ಕೆಲಸ ಬಿಟ್ಟು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಬರ್ತಾರಂತೆ.

ಇತಿ,
ಒಬ್ಬ ಜೆರಾಕ್ಸ್ ಅಂಗಡಿಯವನು
ಎನ್.ಆರ್. ಮೊಹಲ್ಲಾ, ಮೈಸೂರು